ಮೆದುಳಿಗೊಂದು, ಕಣ್ಣಿಗೊಂದು: ಒಂದೇ ಕೂಸಿಗೆ ಎರಡು ಅಪರೂಪದ ಕಾಯಿಲೆಗಳೇ?

ಪ್ರಶ್ನೆ: ನಾನು ಬಾಗಲಕೋಟೆ ಜಿಲ್ಲೆಯವಳು. ಸೋದರಮಾವನನ್ನೇ ಮದುವೆಯಾಗಿದ್ದೇನೆ. ನಮ್ಮ ಮೊದಲ ಮಗಳಿಗೆ ಈಗ ಒಂಬತ್ತು ತಿಂಗಳು. ಹುಟ್ಟಿದ ಮೊದಲ ವಾರಗಳಲ್ಲಿ ಜೋರಾಗಿ ಏದುಸಿರು ಬಿಡುತ್ತಿದ್ದಳು, ಆಮೇಲೆ ಕೆಲವು ಕ್ಷಣ ಉಸಿರೇ ನಿಂತಂತಾಗುತ್ತಿತ್ತು. ಇನ್ನೂ ಕುತ್ತಿಗೆ ನಿಂತಿಲ್ಲ. ನಮ್ಮ ಮುಖ ನೋಡುವುದಿಲ್ಲ, ಕಣ್ಣುಗುಡ್ಡೆಗಳು ಹೊಯ್ದಾಡುತ್ತವೆ, ಸದಾ ಮುಷ್ಟಿಯಿಂದ ಕಣ್ಣು ಒತ್ತಿಕೊಳ್ಳುತ್ತಾಳೆ. ಎಂಆರ್‌ಐ ನೋಡಿದ ವೈದ್ಯರು ಜೂಬರ್ಟ್ ಸಿಂಡ್ರೋಮ್ ಎಂದರು. ಕಣ್ಣಿನ ವೈದ್ಯರು ಲೀಬರ್ ಕಂಜನೈಟಲ್ ಅಮೌರೋಸಿಸ್ ಎಂದರು. ಜೀನ್ ವರದಿಯಲ್ಲಿ ಸಿಇಪಿ290 ಎಂಬುದರ ಎದುರು ‘ರೋಗಕಾರಕ’ ಎಂದೂ, ಆರ್‌ಪಿಇ65 ಎಂಬುದರ ಎದುರು ‘ಮಹತ್ವ ಅನಿಶ್ಚಿತ’ ಎಂದೂ ಬರೆದಿದ್ದಾರೆ. ಲಕ್ಷಕ್ಕೊಬ್ಬರಿಗೆ ಬರುವ ಎರಡು ಕಾಯಿಲೆಗಳು ನನ್ನ ಮಗಳೊಬ್ಬಳಿಗೇ ಹೇಗೆ ಬಂದವು? ಆರ್‌ಪಿಇ65ಕ್ಕೆ ಕಣ್ಣಿಗೆ ಹಾಕುವ ಚುಚ್ಚುಮದ್ದು ಇದೆಯಂತೆ, ಅದನ್ನು ಹಾಕಿಸಬಹುದೇ? ಆಕರಕೋಶ (ಸ್ಟೆಮ್ ಸೆಲ್) ಚಿಕಿತ್ಸೆ ಕೊಡುತ್ತೇವೆ ಎಂದು ಒಂದು ಕಡೆಯಿಂದ ಕರೆ ಬಂದಿದೆ, ಮುಂಗಡವನ್ನೂ ಕೇಳಿದ್ದಾರೆ. ಗರ್ಭಿಣಿಯಾಗಿದ್ದಾಗ ಗ್ರಹಣದ ದಿನ ನಾನು ಹೊರಗೆ ಬಂದಿದ್ದೇ ಕಾರಣ ಎಂದು ಅತ್ತೆ ಹೇಳುತ್ತಾರೆ. ಮುಂದಿನ ಮಗುವಿಗೂ ಹೀಗೇ ಆಗುತ್ತದೆಯೇ?

ಉತ್ತರ: ನಿಮ್ಮ ಪತ್ರವನ್ನೂ ಜೊತೆಗಿಟ್ಟ ವರದಿಗಳ ಪ್ರತಿಗಳನ್ನೂ ಓದಿದ್ದೇನೆ. ಮಗುವನ್ನು ಕಣ್ಣಾರೆ ನೋಡದೆ ಬರೆಯುವ ಉತ್ತರ ನಿಮ್ಮ ವೈದ್ಯರ ಸಲಹೆಗೆ ಬದಲಿಯಾಗಲಾರದು, ಆದರೆ ವರದಿಗಳಲ್ಲಿರುವ ಮಾಹಿತಿಯೇ ನಿಮ್ಮ ಹಲವು ಪ್ರಶ್ನೆಗಳಿಗೆ ಸ್ಪಷ್ಟವಾದ ಉತ್ತರ ಕೊಡುತ್ತದೆ. ಎರಡು ಅಪರೂಪದ ಕಾಯಿಲೆಗಳು ಒಟ್ಟಿಗೆ ಬಂದಿವೆ ಎಂಬುದು ನಿಮ್ಮ ದೊಡ್ಡ ಚಿಂತೆ. ನನ್ನ ಅಭಿಪ್ರಾಯದಲ್ಲಿ ನಿಮ್ಮ ಮಗಳಿಗೆ ಇರುವುದು ಬಹುಮಟ್ಟಿಗೆ ಒಂದೇ ಕಾಯಿಲೆ. ಮೆದುಳಿನ ವೈದ್ಯರು ಅದನ್ನು ಒಂದು ಕಡೆಯಿಂದ ನೋಡಿ ಒಂದು ಹೆಸರು ಹೇಳಿದ್ದಾರೆ, ಕಣ್ಣಿನ ವೈದ್ಯರು ಇನ್ನೊಂದು ಕಡೆಯಿಂದ ನೋಡಿ ಮತ್ತೊಂದು ಹೆಸರು ಹೇಳಿದ್ದಾರೆ. ಇಬ್ಬರೂ ತಪ್ಪು ಹೇಳಿಲ್ಲ.

ಜೂಬರ್ಟ್ ಸಿಂಡ್ರೋಮನ್ನು 1969ರಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ ಮರಿ ಜೂಬರ್ಟ್ ಎಂಬ ವೈದ್ಯೆ ಮತ್ತು ಅವರ ಸಹೋದ್ಯೋಗಿಗಳು ಒಂದೇ ಕುಟುಂಬದ ನಾಲ್ವರು ಮಕ್ಕಳಲ್ಲಿ ಗುರುತಿಸಿದರು. ತಲೆಯ ಹಿಂಭಾಗದಲ್ಲಿರುವ ಕಿರುಮೆದುಳಿನ ಎರಡು ಭಾಗಗಳ ನಡುವೆ ವರ್ಮಿಸ್ ಎಂಬ ಪಟ್ಟಿಯೊಂದಿದೆ. ಈ ಕಾಯಿಲೆಯಲ್ಲಿ ಅದು ಪೂರ್ಣವಾಗಿ ಬೆಳೆಯುವುದಿಲ್ಲ, ಕಿರುಮೆದುಳಿನಿಂದ ಮೇಲಕ್ಕೆ ಹೋಗುವ ನರತಂತುಗಳ ಕಟ್ಟುಗಳು ದಪ್ಪಗಾಗಿ, ಉದ್ದವಾಗಿ, ಅಡ್ಡಲಾಗಿ ಮಲಗಿರುತ್ತವೆ. ಎಂಆರ್‌ಐ ಚಿತ್ರದ ಒಂದು ನಿರ್ದಿಷ್ಟ ಅಡ್ಡಸೀಳಿನಲ್ಲಿ ಇದು ದವಡೆ ಹಲ್ಲಿನ ಆಕಾರದಲ್ಲಿ ಕಾಣುವುದರಿಂದ ವರದಿಯಲ್ಲಿ ‘ಮೋಲಾರ್ ಟೂತ್ ಸೈನ್’ ಎಂದು ಬರೆದಿದ್ದಾರೆ. ಈ ಗುರುತು ಕಂಡ ಮೇಲೆ ರೋಗನಿರ್ಣಯದಲ್ಲಿ ಹೆಚ್ಚು ಸಂಶಯ ಉಳಿಯುವುದಿಲ್ಲ. ನೀವು ವಿವರಿಸಿದ ಏದುಸಿರು ಮತ್ತು ಉಸಿರಿನ ತಡೆ, ಮೈ ಮೆತ್ತಗಿರುವುದು, ಕುತ್ತಿಗೆ ನಿಲ್ಲದಿರುವುದು, ಇವೆಲ್ಲ ಅದರ ಲಕ್ಷಣಗಳೇ. ಲೀಬರ್ ಎಂಬುದು ಹುಟ್ಟಿನಿಂದಲೇ ಅಕ್ಷಿಪಟಲದ, ಅಂದರೆ ರೆಟಿನಾದ, ಬೆಳಕು ಗ್ರಹಿಸುವ ಕೋಶಗಳು ಕೆಲಸ ಮಾಡದಿರುವ ಸ್ಥಿತಿ. ಇದನ್ನು ಮೊದಲು ವಿವರಿಸಿದ್ದು 1869ರಲ್ಲಿ. ಮಗು ಮುಷ್ಟಿಯಿಂದ ಕಣ್ಣು ಒತ್ತಿಕೊಳ್ಳುವುದು ಈ ಸ್ಥಿತಿಯ ಮಕ್ಕಳಲ್ಲಿ ನಾವು ಮತ್ತೆ ಮತ್ತೆ ಕಾಣುವ ಅಭ್ಯಾಸ. ಒತ್ತಿದಾಗ ಒಳಗೆ ಬೆಳಕಿನ ಮಿನುಗು ಹುಟ್ಟುವುದರಿಂದ ಮಗು ಹಾಗೆ ಮಾಡುತ್ತದೆ ಎಂದು ನಂಬಲಾಗಿದೆ.

ಇನ್ನು ಸಿಇಪಿ290 ಎಂಬ ವಂಶವಾಹಿಯ, ಅಂದರೆ ಜೀನಿನ, ವಿಷಯ. ಇದರಲ್ಲಿ ದೋಷವಿದ್ದರೆ ಜೂಬರ್ಟ್ ಬರಬಹುದು ಎಂಬುದೂ, ಲೀಬರ್ ಬರಬಹುದು ಎಂಬುದೂ ತಿಳಿದದ್ದು ಒಂದೇ ವರ್ಷ, 2006ರಲ್ಲಿ. ನಮ್ಮ ದೇಹದ ಬಹುತೇಕ ಕೋಶಗಳ ಮೇಲೆ ಸಿಲಿಯಮ್ ಎಂಬ ಸೂಕ್ಷ್ಮ ಕಡ್ಡಿಯೊಂದಿರುತ್ತದೆ. ಭ್ರೂಣ ರೂಪುಗೊಳ್ಳುವಾಗ ಯಾವ ಕೋಶ ಎತ್ತ ಬೆಳೆಯಬೇಕು ಎಂಬ ಸಂಕೇತಗಳನ್ನು ಕೋಶವು ಇದರ ಮೂಲಕ ಪಡೆಯುತ್ತದೆ. ಆ ಸಂಕೇತ ತಪ್ಪಿದಾಗ ಕಿರುಮೆದುಳಿನ ರಚನೆ ಕೆಡುತ್ತದೆ. ಕಣ್ಣಿನಲ್ಲಿ ಇದರ ಪಾತ್ರ ಇನ್ನೂ ನೇರವಾದದ್ದು. ಬೆಳಕು ಗ್ರಹಿಸುವ ಪ್ರತಿಯೊಂದು ಕೋಶದ ಹೊರತುದಿಯೂ ರೂಪಾಂತರಗೊಂಡ ಸಿಲಿಯಮ್ಮೇ ಆಗಿದ್ದು, ಒಳಭಾಗದಲ್ಲಿ ತಯಾರಾದ ಪ್ರೋಟೀನುಗಳೆಲ್ಲ ಒಂದು ಕಿರಿದಾದ ಕುತ್ತಿಗೆಯ ಮೂಲಕವೇ ಆ ತುದಿಯನ್ನು ತಲುಪಬೇಕು. ಹೊರತುದಿಯ ಸಾಮಗ್ರಿ ಸುಮಾರು ಹತ್ತು ದಿನಗಳಿಗೊಮ್ಮೆ ಪೂರ್ತಿ ಹೊಸದಾಗುವುದರಿಂದ ಈ ಸಾಗಣೆ ಒಂದು ದಿನವೂ ನಿಲ್ಲುವಂತಿಲ್ಲ. ಸಿಇಪಿ290 ತಯಾರಿಸುವ ಪ್ರೋಟೀನು ಇರುವುದು ಆ ಕುತ್ತಿಗೆಯಲ್ಲಿ. ಊರಿಗಿರುವ ಒಂದೇ ಸೇತುವೆ ಕುಸಿದರೆ ಏನಾಗುತ್ತದೆಯೋ ಇಲ್ಲಿ ಆಗುವುದೂ ಅದೇ. ಹಾಗಾಗಿ ಒಂದೇ ವಂಶವಾಹಿಯ ದೋಷದಿಂದ ಮೆದುಳು, ಕಣ್ಣು ಎರಡೂ ತೊಂದರೆಗೊಳಗಾಗುತ್ತವೆ. ಮೂತ್ರಪಿಂಡದ ಕೋಶಗಳಲ್ಲೂ ಇದೇ ಸಿಲಿಯಮ್ ಇದೆ ಎಂಬುದನ್ನು ನೆನಪಿನಲ್ಲಿಡಿ, ಅದಕ್ಕೆ ಮುಂದೆ ಬರುತ್ತೇನೆ.

ಹಾಗಾದರೆ ಆರ್‌ಪಿಇ65 ಎಂಬ ಎರಡನೆಯ ಸಾಲಿಗೆ ಅರ್ಥವೇನು? ‘ಮಹತ್ವ ಅನಿಶ್ಚಿತ’ ಎಂದರೆ ಅರ್ಧ ಕಾಯಿಲೆ ಎಂದಲ್ಲ, ಸೌಮ್ಯ ಕಾಯಿಲೆ ಎಂದೂ ಅಲ್ಲ. ವಂಶವಾಹಿಯಲ್ಲಿ ಒಂದು ಅಕ್ಷರ ಬೇರೆಯಾಗಿದೆ, ಅದು ಹಾನಿಕರವೋ ನಿರುಪದ್ರವಿಯೋ ಎಂದು ಹೇಳುವಷ್ಟು ಪುರಾವೆ ಇಂದಿಗೆ ಇಲ್ಲ ಎಂದಷ್ಟೇ ಪ್ರಯೋಗಾಲಯ ಹೇಳುತ್ತಿದೆ. ಅಂಥ ಸಾಲಿನ ಆಧಾರದ ಮೇಲೆ ಚಿಕಿತ್ಸೆಯನ್ನಾಗಲಿ, ಗರ್ಭದ ಬಗೆಗಿನ ನಿರ್ಧಾರವನ್ನಾಗಲಿ ಮಾಡಬಾರದು. ಹಾಗೆಂದು ಅದನ್ನು ಕಡೆಗಣಿಸುವಂತೆಯೂ ಇಲ್ಲ, ಏಕೆಂದರೆ ಒಂದೇ ಮಗುವಿನಲ್ಲಿ ಎರಡು ಪ್ರತ್ಯೇಕ ಆನುವಂಶಿಕ ಕಾಯಿಲೆಗಳು ನಿಜಕ್ಕೂ ಇರುವುದುಂಟು. ಅಮೆರಿಕದಲ್ಲಿ ಏಳು ಸಾವಿರಕ್ಕೂ ಹೆಚ್ಚು ರೋಗಿಗಳ ಜೀನ್ ವರದಿಗಳನ್ನು ಪರಿಶೀಲಿಸಿ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕಾರಣ ಪತ್ತೆಯಾದ 2076 ಮಂದಿಯ ಪೈಕಿ 101 ಮಂದಿಗೆ, ಅಂದರೆ ನೂರಕ್ಕೆ ಸುಮಾರು ಐವರಿಗೆ, ಒಂದಕ್ಕಿಂತ ಹೆಚ್ಚು ಆನುವಂಶಿಕ ಕಾರಣಗಳಿದ್ದವು. ಹತ್ತಿರದ ರಕ್ತಸಂಬಂಧದಲ್ಲಿ ಮದುವೆಯಾದವರ ಮಕ್ಕಳಲ್ಲಿ ಈ ಸಾಧ್ಯತೆ ಇನ್ನಷ್ಟು ಹೆಚ್ಚು.

ಇದನ್ನು ಇತ್ಯರ್ಥಪಡಿಸುವ ದಾರಿಗಳಿವೆ. ನಿಮ್ಮಿಬ್ಬರ ರಕ್ತದಲ್ಲೂ ಈ ಎರಡು ಬದಲಾವಣೆಗಳನ್ನು ಪರೀಕ್ಷಿಸಬೇಕು. ಆರ್‌ಪಿಇ65ರ ಮಟ್ಟಿಗೆ ನಿಮ್ಮಿಬ್ಬರ ಪರೀಕ್ಷೆಗಿಂತ ಹೆಚ್ಚು ಉಪಯುಕ್ತವಾಗುವುದು ಕುಟುಂಬದ ಹಿರಿಯರ ಪರೀಕ್ಷೆ. ಪ್ರತಿ ವಂಶವಾಹಿಗೂ ತಾಯಿಯಿಂದ ಬಂದ ಒಂದು, ತಂದೆಯಿಂದ ಬಂದ ಒಂದು, ಹೀಗೆ ಎರಡು ಪ್ರತಿಗಳಿರುತ್ತವೆ. ಹಗಲು ರಾತ್ರಿ ದೃಷ್ಟಿ ಚೆನ್ನಾಗಿರುವ ಅಜ್ಜನಲ್ಲೋ ಚಿಕ್ಕಪ್ಪನಲ್ಲೋ ಇದೇ ಬದಲಾವಣೆಯ ಎರಡೂ ಪ್ರತಿಗಳು ಸಿಕ್ಕರೆ ಅದು ನಿರುಪದ್ರವಿ ಎಂದು ಬಹುತೇಕ ತೀರ್ಮಾನಿಸಬಹುದು. ಮಗು ಸ್ವಲ್ಪ ದೊಡ್ಡದಾದ ಮೇಲೆ ಅಕ್ಷಿಪಟಲದ ವಿಶೇಷ ಛಾಯಾಚಿತ್ರಗಳು ಸಹ ನೆರವಾಗುತ್ತವೆ, ಏಕೆಂದರೆ ಆರ್‌ಪಿಇ65 ದೋಷದಲ್ಲಿ ಅಕ್ಷಿಪಟಲ ತಾನಾಗಿ ಹೊರಸೂಸುವ ಮಂದ ಹೊಳಪು ಕಾಣೆಯಾಗಿರುತ್ತದೆ ಅಥವಾ ತೀರಾ ಕಡಿಮೆಯಾಗಿರುತ್ತದೆ. ಒಂದೆರಡು ವರ್ಷಗಳ ನಂತರ ಅದೇ ವರದಿಯನ್ನು ಮರುವಿಶ್ಲೇಷಣೆಗೆ ಕೊಡಿ. ಅನಿಶ್ಚಿತ ಎಂದು ಬರೆದ ಬದಲಾವಣೆಗಳಲ್ಲಿ ಕೆಲವು ಹೊಸ ಪುರಾವೆ ಬಂದಂತೆ ಒಂದು ಕಡೆಗೆ ವಾಲುತ್ತವೆ.

ಗ್ರಹಣದ ಮಾತಿಗೆ ಬರುತ್ತೇನೆ. ಕಾಯಿಲೆಗೆ ಕಾರಣವಾದ ಸಿಇಪಿ290ರ ಬದಲಾವಣೆ ನಿಮ್ಮ ಅಂಡಾಣುವಿನಲ್ಲಿ ಮತ್ತು ನಿಮ್ಮ ಪತಿಯ ವೀರ್ಯಾಣುವಿನಲ್ಲಿ, ಗರ್ಭ ನಿಲ್ಲುವ ಮೊದಲೇ ಇತ್ತು. ನೀವು ಹೊರಗೆ ಬಂದದ್ದಾಗಲಿ, ತಿಂದದ್ದಾಗಲಿ, ಜ್ವರಕ್ಕೆ ನುಂಗಿದ ಮಾತ್ರೆಯಾಗಲಿ ಇದಕ್ಕೆ ಕಾರಣವಲ್ಲ. ನೀವು ಒಂಬತ್ತು ತಿಂಗಳು ಕೋಣೆಯೊಳಗೇ ಇದ್ದಿದ್ದರೂ ಮಗು ಹೀಗೇ ಹುಟ್ಟುತ್ತಿತ್ತು. ಬೇಕಿದ್ದರೆ ಈ ಭಾಗವನ್ನು ನಿಮ್ಮ ಅತ್ತೆಯವರಿಗೆ ಓದಿ ಹೇಳಿ. ಮಗುವಿಗೆ ದೋಷವುಳ್ಳ ಒಂದು ಪ್ರತಿ ತಾಯಿಯಿಂದ, ಇನ್ನೊಂದು ತಂದೆಯಿಂದ ಬಂದಿದೆ, ಇದರಲ್ಲಿ ಒಬ್ಬರ ಪಾಲು ಹೆಚ್ಚು, ಇನ್ನೊಬ್ಬರದು ಕಡಿಮೆ ಎಂಬುದಿಲ್ಲ.

ಸೋದರಮಾವನೊಂದಿಗಿನ ಮದುವೆಯ ಪಾತ್ರವನ್ನು ಮುಚ್ಚಿಡುವುದು ಮಾತ್ರ ಸರಿಯಲ್ಲ. ಪ್ರತಿಯೊಬ್ಬರಲ್ಲೂ ಇಂಥ ಕೆಲವು ಸುಪ್ತ ದೋಷಗಳಿರುತ್ತವೆ. ಒಂದು ಪ್ರತಿ ಸರಿಯಿದ್ದರೆ ಸಾಕಾಗುವುದರಿಂದ ಅವು ಆಯುಷ್ಯಪೂರ್ತಿ ಗೊತ್ತಾಗುವುದೇ ಇಲ್ಲ. ಸೋದರಮಾವ ಮತ್ತು ಅವನ ಅಕ್ಕತಂಗಿಯ ಮಗಳಿಗೆ ಒಂದೇ ಹಿರಿಯರಿಂದ ಬಂದ ವಂಶವಾಹಿಗಳು ಹೆಚ್ಚಾಗಿರುತ್ತವೆ. ಅವರ ಮಗುವಿನ ವಂಶವಾಹಿಗಳಲ್ಲಿ ಸರಾಸರಿ ಎಂಟನೇ ಒಂದು ಭಾಗ, ಸೋದರತ್ತೆಯ ಅಥವಾ ಸೋದರಮಾವನ ಮಕ್ಕಳೊಂದಿಗಿನ ಮದುವೆಯಾದರೆ ಹದಿನಾರನೇ ಒಂದು ಭಾಗ, ಎರಡೂ ಕಡೆಯಿಂದ ಒಂದೇ ಪ್ರತಿಯಾಗಿ ಬರುತ್ತದೆ. ಆ ಭಾಗದಲ್ಲಿ ಒಂದಲ್ಲ, ಎರಡು ದೋಷಗಳೂ ಅಡಗಿರಬಹುದು. ಎರಡು ಅಪರೂಪದ ಕಾಯಿಲೆಗಳು ಒಟ್ಟಿಗೆ ಬರುವುದು ಅಂಥ ಮಕ್ಕಳಲ್ಲಿ ಹೆಚ್ಚು ಏಕೆ ಎಂಬುದಕ್ಕೆ ಕಾರಣ ಇದೇ. ‘ನಮ್ಮ ಹಿರಿಯರೆಲ್ಲ ಒಳಸಂಬಂಧದಲ್ಲೇ ಮದುವೆಯಾದರು, ಯಾರಿಗೆ ಏನಾಯಿತು?’ ಎಂದು ಕೇಳುವವರಿಗೆ ನನ್ನ ಉತ್ತರವೂ ಇದರಲ್ಲೇ ಇದೆ. ಇಬ್ಬರಲ್ಲೂ ಒಂದೇ ದೋಷವಿಲ್ಲದಿದ್ದರೆ ಏನೂ ಆಗುವುದಿಲ್ಲ, ಬಹುತೇಕ ದಂಪತಿಗಳಿಗೆ ಆರೋಗ್ಯವಂತ ಮಕ್ಕಳೇ ಹುಟ್ಟುತ್ತಾರೆ. ಕರ್ನಾಟಕದಲ್ಲಿ ಸುಮಾರು ನಾಲ್ಕು ಮದುವೆಗಳಲ್ಲಿ ಒಂದು ರಕ್ತಸಂಬಂಧದಲ್ಲೇ ನಡೆಯುತ್ತದೆ. ಹಾಗಾಗಿ ಇದನ್ನು ಒಬ್ಬ ತಾಯಿಯ ಅಪರಾಧವೆಂಬಂತೆ ಆಡುವುದು ಅನ್ಯಾಯ.

ಮಗಳಿಗೆ ಕಣ್ಣು ಕಾಣುತ್ತದೆಯೇ ಎಂಬುದನ್ನು ನೀವು ನೇರವಾಗಿ ಕೇಳಿಲ್ಲ, ಆದರೆ ಪತ್ರದ ಉದ್ದಕ್ಕೂ ಆ ಪ್ರಶ್ನೆ ಇದೆ. ಜೂಬರ್ಟ್ ಇರುವ ಮಕ್ಕಳು ನೋಡದಿರುವುದಕ್ಕೆ ಎರಡು ಕಾರಣಗಳಿರಬಹುದು. ಒಂದು, ಅಕ್ಷಿಪಟಲದ ದೋಷ. ಇನ್ನೊಂದು, ಬೇಕಾದ ಕಡೆಗೆ ಕಣ್ಣು ತಿರುಗಿಸಲು ಆಗದಿರುವುದು, ಅಂಥ ಮಗು ನೋಡಲು ತಲೆಯನ್ನೇ ಝಾಡಿಸಿದಂತೆ ತಿರುಗಿಸುತ್ತದೆ. ಎರಡನೆಯದರಿಂದಾಗಿಯೇ, ಕಾಣುವ ಮಗುವನ್ನು ಕುರುಡೆಂದು ತಿಳಿಯುವ ಅಪಾಯವಿದೆ. ಇವೆರಡನ್ನೂ ಬೇರ್ಪಡಿಸುವುದು ಇಆರ್‌ಜಿ ಎಂಬ, ಅಕ್ಷಿಪಟಲದ ವಿದ್ಯುತ್ ಪ್ರತಿಕ್ರಿಯೆಯನ್ನು ಅಳೆಯುವ ಪರೀಕ್ಷೆ. ನಿಮ್ಮ ಮಗಳಿಗೆ ಐದು ತಿಂಗಳಿದ್ದಾಗ ಮಾಡಿದ ಇಆರ್‌ಜಿಯಲ್ಲಿ ಪ್ರತಿಕ್ರಿಯೆ ಬಹುತೇಕ ಇಲ್ಲ ಎಂದಿದೆ. ಸಿಇಪಿ290 ದೋಷವನ್ನು ಗಮನಿಸಿದರೆ ಅದು ನಿಜವಿರುವ ಸಾಧ್ಯತೆಯೇ ಹೆಚ್ಚು, ಆದರೆ ಆ ವಯಸ್ಸಿನಲ್ಲಿ ಅಕ್ಷಿಪಟಲ ಇನ್ನೂ ಬಲಿಯುತ್ತಿರುವುದರಿಂದ ವರ್ಷ ತುಂಬಿದ ಮೇಲೆ ಮತ್ತೊಮ್ಮೆ ಮಾಡಿಸುವುದು ಒಳ್ಳೆಯದು. ಜೊತೆಗೆ ಕನ್ನಡಕದ ಅಗತ್ಯವನ್ನೂ ಪರೀಕ್ಷಿಸಲಿ. ಈ ಮಕ್ಕಳಲ್ಲಿ ಹೆಚ್ಚಿನ ಪ್ಲಸ್ ಪವರ್ ಇರುವುದು ಸಾಮಾನ್ಯ, ಉಳಿದ ಅಲ್ಪ ದೃಷ್ಟಿಗೂ ಕನ್ನಡಕ ನೆರವಾಗುತ್ತದೆ.

ನೀವು ಕೇಳಿದ ಚುಚ್ಚುಮದ್ದು ನಿಜವಾಗಿಯೂ ಇದೆ. ಅಮೆರಿಕದಲ್ಲಿ 2017ರ ಡಿಸೆಂಬರ್‌ನಲ್ಲಿ ಒಪ್ಪಿಗೆ ಪಡೆದ ಲಕ್ಸ್‌ಟರ್ನಾ ಎಂಬ ಜೀನ್ ಚಿಕಿತ್ಸೆ ಅದು. ಪೂರ್ಣ ಅರಿವಳಿಕೆ ಕೊಟ್ಟು ಅಕ್ಷಿಪಟಲದ ಅಡಿಗೆ ಔಷಧ ತುಂಬುವ ಶಸ್ತ್ರಚಿಕಿತ್ಸೆ ಇದು, ಅಲ್ಲಿ ಅದರ ಆರಂಭದ ಬೆಲೆಯೇ ಎರಡು ಕಣ್ಣುಗಳಿಗೆ 8.5 ಲಕ್ಷ ಡಾಲರ್ ಇತ್ತು. ಆರ್‌ಪಿಇ65ರ ಎರಡೂ ಪ್ರತಿಗಳಲ್ಲಿ ರೋಗಕಾರಕ ದೋಷ ಖಚಿತವಾಗಿರುವವರಿಗೆ ಮಾತ್ರ ಇದು ಅನ್ವಯಿಸುತ್ತದೆ, ಒಂದು ವರ್ಷದೊಳಗಿನ ಮಕ್ಕಳಿಗೆ ಸೂಚಿಸುವುದಿಲ್ಲ. ನಿಮ್ಮ ಮಗಳ ವಿಷಯದಲ್ಲಿ ಇನ್ನೊಂದು ಅಡ್ಡಿಯೂ ಇದೆ. ನಾಳೆ ಆರ್‌ಪಿಇ65 ದೋಷ ನಿಜವೆಂದು ಸಾಬೀತಾದರೂ ಅದನ್ನು ಸರಿಪಡಿಸಿದ ಮಾತ್ರಕ್ಕೆ ಸಿಇಪಿ290 ದೋಷದಿಂದ ಕೆಟ್ಟ ಕೋಶಗಳು ಸರಿಯಾಗುವುದಿಲ್ಲ. ಸಿಇಪಿ290ರ ಜೀನನ್ನೇ ಕೊಡಬಾರದೇ ಎಂದರೆ, ಅದರ ಗಾತ್ರ ಈ ಚಿಕಿತ್ಸೆಯಲ್ಲಿ ಜೀನನ್ನು ಕೋಶದೊಳಕ್ಕೆ ಒಯ್ಯಲು ಬಳಸುವ ವೈರಸ್‌ನ ಹೊರುವ ಸಾಮರ್ಥ್ಯಕ್ಕಿಂತ ದೊಡ್ಡದು. ಸಿಇಪಿ290ಕ್ಕಾಗಿ ಮನುಷ್ಯರಲ್ಲಿ ಪರೀಕ್ಷಿಸಿದ ಎರಡು ಮುಖ್ಯ ಚಿಕಿತ್ಸೆಗಳು, 2020ರಲ್ಲಿ ಕ್ರಿಸ್ಪರ್ ಎಂಬ ತಂತ್ರದಿಂದ ದೇಹದೊಳಗೇ ಜೀನ್ ತಿದ್ದುಪಡಿ ಮಾಡಿದ ಮೊದಲ ಪ್ರಯೋಗವೂ ಸೇರಿದಂತೆ, ಆ ಜೀನಿನ ಒಂದು ನಿರ್ದಿಷ್ಟ ಬದಲಾವಣೆಗಾಗಿಯೇ ರೂಪಿಸಿದಂಥವು. ಅದು ಯುರೋಪ್ ಮೂಲದವರಲ್ಲಿ ಹೆಚ್ಚಾಗಿ ಕಾಣುವಂಥದ್ದು, ನಿಮ್ಮ ಮಗಳ ವರದಿಯಲ್ಲಿರುವುದು ಬೇರೆ. ಆದ್ದರಿಂದ ಇಂದಿನ ಮಟ್ಟಿಗೆ ದೃಷ್ಟಿಯನ್ನು ಮರಳಿಸುವ ಚಿಕಿತ್ಸೆ ನಿಮ್ಮ ಮಗಳಿಗೆ ಇಲ್ಲ. ಇದನ್ನು ಬರೆಯುವಾಗ ನನಗೂ ಸಂಕಟವಾಗುತ್ತದೆ, ಆದರೆ ಹೊಲ ಮಾರಿ ಓಡಾಡುವ ಮೊದಲು ನಿಮಗಿದು ತಿಳಿದಿರಬೇಕು.

ಆಕರಕೋಶ ಚಿಕಿತ್ಸೆ ಬೇಡ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯ ಪ್ರಕಾರ, ರಕ್ತದ ಕೆಲವು ಕಾಯಿಲೆಗಳಂಥ ಅಂಗೀಕೃತ ಬಳಕೆಯನ್ನು ಬಿಟ್ಟರೆ ಆಕರಕೋಶಗಳನ್ನು ಅನುಮೋದಿತ ಪ್ರಯೋಗದ ಭಾಗವಾಗಿ ಮಾತ್ರ ಕೊಡಬಹುದು, ಪ್ರಯೋಗಕ್ಕೆ ಒಳಗಾಗುವವರಿಂದ ಹಣ ಪಡೆಯುವಂತಿಲ್ಲ. ನಿಮ್ಮಿಂದ ಮುಂಗಡ ಕೇಳಿದ್ದಾರೆ ಎಂಬುದೊಂದೇ ಸಾಕು ತೀರ್ಮಾನಕ್ಕೆ. ಆಕರಕೋಶಗಳನ್ನು ಬೆನ್ನುಹುರಿಯ ದ್ರವಕ್ಕೆ ಚುಚ್ಚುವುದರಿಂದ ಸೋಂಕು ತಗುಲಬಹುದು, ಅದಕ್ಕಾಗಿ ಕೊಡುವ ಅರಿವಳಿಕೆಯಿಂದ ಉಸಿರು ನಿಲ್ಲಬಹುದು. ವಿಟಮಿನ್ ‘ಎ’ಯನ್ನು ಹೆಚ್ಚಿನ ಪ್ರಮಾಣದಲ್ಲಿ ಕೊಡುವುದೂ ಬೇಡ, ಈ ಕಾಯಿಲೆಯಲ್ಲಿ ಯಕೃತ್ತಿಗೂ ತೊಂದರೆಯಾಗುವ ಸಂಭವವಿದೆ, ಅದಕ್ಕೆ ಇನ್ನಷ್ಟು ಹೊರೆ ಹಾಕಬಾರದು.

ಮಾಡಲೇಬೇಕಾದ ಕೆಲಸಗಳು ಬೇರೆ ಇವೆ, ಅವುಗಳ ಬಗ್ಗೆ ನಿಮ್ಮ ಕೈಯಲ್ಲಿರುವ ಕಾಗದಗಳಲ್ಲಿ ಬಹುತೇಕ ಏನೂ ಬರೆದಿಲ್ಲ ಎಂಬುದೇ ನನ್ನನ್ನು ಹೆಚ್ಚು ಚಿಂತೆಗೀಡುಮಾಡಿದೆ. ಮೊದಲನೆಯದು ಉಸಿರು. ಏದುಸಿರು ಮತ್ತು ತಡೆ ವಯಸ್ಸಿನೊಂದಿಗೆ ಸಾಮಾನ್ಯವಾಗಿ ಕಡಿಮೆಯಾಗುತ್ತವೆ, ಆದರೂ ನಿದ್ರೆಯಲ್ಲಿ ಉಸಿರು ನಿಲ್ಲುತ್ತಿದೆಯೇ ಎಂದು ಒಮ್ಮೆ ನಿದ್ರಾ ಪರೀಕ್ಷೆ ಮಾಡಿಸಿ. ತುಟಿ ನೀಲಿಯಾದರೆ ಅಥವಾ ಉಸಿರಿನ ತಡೆ ಹೆಚ್ಚು ಹೊತ್ತಾದರೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ. ಎಂಆರ್‌ಐ, ಇಆರ್‌ಜಿ, ಹಲ್ಲಿನ ಚಿಕಿತ್ಸೆ, ಯಾವುದಕ್ಕೇ ಆಗಲಿ ಅರಿವಳಿಕೆ ಕೊಡುವ ಮುನ್ನ ಜೂಬರ್ಟ್ ಇದೆ ಎಂದು ಅರಿವಳಿಕೆ ತಜ್ಞರಿಗೆ ನೀವೇ ಹೇಳಬೇಕು, ಏಕೆಂದರೆ ಉಸಿರಾಟವನ್ನು ಕುಗ್ಗಿಸುವ ಔಷಧಗಳಿಗೆ ಈ ಮಕ್ಕಳು ಅತಿಯಾಗಿ ಸ್ಪಂದಿಸುತ್ತಾರೆ. ಪರೀಕ್ಷೆಯ ನಂತರ ಅಂದೇ ಮನೆಗೆ ಹೊರಡಲು ಅವಸರ ಮಾಡಬೇಡಿ.

ಎರಡನೆಯದು ಮೂತ್ರಪಿಂಡ. ಸಿಇಪಿ290 ದೋಷವಿರುವ ಜೂಬರ್ಟ್ ಮಕ್ಕಳಲ್ಲಿ ಮೂತ್ರಪಿಂಡ ನಿಧಾನವಾಗಿ ಹಾಳಾಗುವ ಅಪಾಯ ಹೆಚ್ಚು, ಅದೂ ಯಾವ ಸದ್ದೂ ಇಲ್ಲದೆ. ಇದರಲ್ಲಿ ಮೊದಲು ಕೆಡುವುದು ಮೂತ್ರವನ್ನು ಸಾಂದ್ರಗೊಳಿಸುವ ಶಕ್ತಿ. ಮಗು ರಾತ್ರಿಯಲ್ಲೂ ಎದ್ದು ನೀರು ಕೇಳುತ್ತದೆ, ಹೆಚ್ಚು ಮೂತ್ರ ಮಾಡುತ್ತದೆ, ಬಿಳಿಚಿಕೊಳ್ಳುತ್ತದೆ, ಎತ್ತರ ಬೆಳೆಯುವುದಿಲ್ಲ. ಮಾಮೂಲಿ ಮೂತ್ರ ಪರೀಕ್ಷೆಯಲ್ಲಿ ಆರಂಭದಲ್ಲಿ ಪ್ರೋಟೀನ್ ಕಾಣದಿರುವುದರಿಂದ ‘ಎಲ್ಲಾ ಸರಿಯಿದೆ’ ಎಂಬ ವರದಿ ಬರಬಹುದು. ಆದ್ದರಿಂದ ವರ್ಷಕ್ಕೊಮ್ಮೆ ಬೆಳಗಿನ ಮೊದಲ ಮೂತ್ರದ ಸಾಂದ್ರತೆ, ರಕ್ತದ ಕ್ರಿಯಾಟಿನಿನ್, ಹಿಮೋಗ್ಲೋಬಿನ್, ಯಕೃತ್ತಿನ ಪರೀಕ್ಷೆಗಳು, ಬಿಪಿ ಮತ್ತು ಹೊಟ್ಟೆಯ ಸ್ಕ್ಯಾನಿಂಗ್ ಇವಿಷ್ಟನ್ನೂ ತಪ್ಪದೆ ಮಾಡಿಸಿ. ಮೊದಲೇ ತಿಳಿದರೆ ರಕ್ತಹೀನತೆ, ಬೆಳವಣಿಗೆ ಮತ್ತು ಬಿಪಿಗೆ ಚಿಕಿತ್ಸೆ ಕೊಡಬಹುದು, ಮುಂದೆ ಕಸಿ ಬೇಕಾದರೆ ಸಿದ್ಧತೆಗೆ ಸಮಯ ಸಿಗುತ್ತದೆ. ಮೂತ್ರಪಿಂಡ ಕುಂದಿದ್ದು ಕಂಡುಬಂದರೆ ಜ್ವರ, ನೋವಿಗೆ ಐಬುಪ್ರೊಫೆನ್ ಜಾತಿಯ ಔಷಧ ಕೊಡಬಾರದು.

ಇವುಗಳ ಜೊತೆಗೆ ಇಂದಿನಿಂದಲೇ ಆರಂಭವಾಗಬೇಕಾದದ್ದು ತರಬೇತಿ: ಮೆತ್ತಗಿರುವ ಮೈಗೆ ಬಲ ಬರಲು ಫಿಸಿಯೋಥೆರಪಿ, ನುಂಗುವಾಗ ಕೆಮ್ಮುತ್ತಿದ್ದರೆ ಆಹಾರ ನುಂಗಿಸುವ ಕ್ರಮದ ಸಲಹೆ, ದೃಷ್ಟಿಹೀನ ಶಿಶುಗಳಿಗಾಗಿ ಇರುವ ಆರಂಭಿಕ ಮಾರ್ಗದರ್ಶನ. ಮನೆಯಲ್ಲಿ ನೀವು ಮಾಡಬಹುದಾದದ್ದೂ ಇದೆ. ಮಗುವನ್ನು ಎತ್ತಿಕೊಳ್ಳುವ ಮೊದಲು ಹೆಸರು ಹಿಡಿದು ಕರೆಯಿರಿ, ಆಮೇಲೆ ಎದೆಯ ಮೇಲೆ ಅಂಗೈ ಇಡಿ, ಆಮೇಲೆ ಎತ್ತಿ. ಕಾಣದ ಮಗುವಿಗೆ ಮುನ್ಸೂಚನೆಯಿಲ್ಲದೆ ಗಾಳಿಯಲ್ಲಿ ತೇಲಿದಂತಾಗುವುದು ಭಯ ಹುಟ್ಟಿಸುತ್ತದೆ. ಸ್ನಾನಕ್ಕೆ ಮುಂಚೆ ನೀರನ್ನು ಕೈಯಿಂದ ತಟ್ಟಿ ಸದ್ದು ಕೇಳಿಸಿ, ಊಟಕ್ಕೆ ಮುಂಚೆ ಬಟ್ಟಲನ್ನು ಮುಟ್ಟಿಸಿ. ಕಣ್ಣು ಒತ್ತುವಾಗ ಗದರದೆ ಆ ಕೈಗೆ ಗಿಲಕಿಯನ್ನೋ ಒರಟು ಬಟ್ಟೆಯನ್ನೋ ಕೊಡಿ.

ಮುಂದೆ ನಡೆಯುತ್ತಾಳೆಯೇ, ಮಾತನಾಡುತ್ತಾಳೆಯೇ ಎಂದು ಒಂಬತ್ತು ತಿಂಗಳಲ್ಲಿ ಯಾರೂ ಖಚಿತವಾಗಿ ಹೇಳಲಾರರು. ಜೂಬರ್ಟ್ ಇರುವ ಮಕ್ಕಳಲ್ಲಿ ತೀವ್ರತೆಯ ವ್ಯತ್ಯಾಸ ಬಹಳ ದೊಡ್ಡದು. ತಡವಾಗಿಯಾದರೂ ತೂರಾಡುತ್ತ ನಡೆಯುವವರಿದ್ದಾರೆ, ಜೀವನಪೂರ್ತಿ ಆಸರೆ ಬೇಕಾದವರೂ ಇದ್ದಾರೆ. ಬಾಯಿಯ ಸ್ನಾಯುಗಳ ಹೊಂದಾಣಿಕೆ ಕಷ್ಟವಾಗುವುದರಿಂದ ಹಲವರು ಆಡುವುದಕ್ಕಿಂತ ಎಷ್ಟೋ ಹೆಚ್ಚು ಅರ್ಥಮಾಡಿಕೊಳ್ಳುತ್ತಾರೆ. ‘ಇವಳಿಗೆ ಏನೂ ತಿಳಿಯುವುದಿಲ್ಲ’ ಎಂಬ ಮಾತನ್ನು ಅವಳ ಎದುರಿಗೆ ಯಾರೂ ಆಡದಂತೆ ನೋಡಿಕೊಳ್ಳಿ.

ಮುಂದಿನ ಮಗುವಿನ ವಿಷಯ. ನೀವಿಬ್ಬರೂ ಸಿಇಪಿ290 ದೋಷದ ವಾಹಕರೆಂದು, ಅಂದರೆ ಒಂದು ಪ್ರತಿಯಲ್ಲಿ ಮಾತ್ರ ದೋಷವಿರುವವರೆಂದು, ಖಚಿತವಾದರೆ ಪ್ರತಿ ಗರ್ಭದಲ್ಲೂ ಈ ಕಾಯಿಲೆ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ‘ಒಮ್ಮೆ ಬಂದಾಯಿತು, ಇನ್ನು ಮೂರು ಮಕ್ಕಳು ಸರಿಯಿರುತ್ತಾರೆ’ ಎಂಬ ಲೆಕ್ಕ ತಪ್ಪು, ಪ್ರತಿ ಸಲವೂ ಲೆಕ್ಕ ಹೊಸದಾಗಿ ಶುರುವಾಗುತ್ತದೆ. ಸಿಇಪಿ290 ಹನ್ನೆರಡನೆಯ ವರ್ಣತಂತುವಿನಲ್ಲಿದೆ, ಆರ್‌ಪಿಇ65 ಒಂದನೆಯದರಲ್ಲಿದೆ. ಆದ್ದರಿಂದ ಎರಡೂ ನಿಜವಾದ ಕಾಯಿಲೆಗಳೆಂದು ಮುಂದೆ ತಿಳಿದುಬಂದರೆ ಎರಡೂ ಒಟ್ಟಿಗೆ ಬರುವ ಸಾಧ್ಯತೆ ಹದಿನಾರರಲ್ಲಿ ಒಂದು, ಒಂದಾದರೂ ಬರುವ ಸಾಧ್ಯತೆ ಹದಿನಾರರಲ್ಲಿ ಏಳು. ಗರ್ಭದ 11ರಿಂದ 13ನೇ ವಾರದಲ್ಲಿ ಮಾಸಿನ ತುಣುಕನ್ನು ತೆಗೆದೋ, 16ನೇ ವಾರದ ಹೊತ್ತಿಗೆ ಗರ್ಭದ ನೀರನ್ನು ತೆಗೆದೋ ಪರೀಕ್ಷಿಸಬಹುದು. ಅನುಭವಿಗಳ ಕೈಯಲ್ಲಿ ಇದರಿಂದ ಗರ್ಭಪಾತವಾಗುವ ಅಪಾಯ ನೂರಕ್ಕೆ ಒಂದಕ್ಕಿಂತ ಕಡಿಮೆ. ಸ್ಕ್ಯಾನಿಂಗ್ ಒಂದನ್ನೇ ನೆಚ್ಚಿಕೊಂಡರೆ ಕಿರುಮೆದುಳಿನ ದೋಷ ತಡವಾಗಿ ಕಾಣುತ್ತದೆ ಅಥವಾ ಕಾಣದೆಯೂ ಹೋಗಬಹುದು, 24 ವಾರ ಮೀರಿದ ಮೇಲೆ ಗರ್ಭ ಮುಂದುವರಿಸದಿರಲು ವೈದ್ಯಕೀಯ ಮಂಡಳಿಯ ಅನುಮತಿ ಬೇಕಾಗುತ್ತದೆ. ಪ್ರನಾಳ (ಐವಿಎಫ್) ವಿಧಾನದಲ್ಲಿ ಭ್ರೂಣವನ್ನು ಪರೀಕ್ಷಿಸಿ ಗರ್ಭಕ್ಕಿಡುವುದು ಇನ್ನೊಂದು ದಾರಿ, ಅದರ ಖರ್ಚು ದೊಡ್ಡದು, ಪ್ರತಿ ಪ್ರಯತ್ನವೂ ಫಲಿಸುವುದಿಲ್ಲ. ಪರೀಕ್ಷೆ ಮಾಡಿಸಿಯೂ ಗರ್ಭ ಮುಂದುವರಿಸುವವರಿದ್ದಾರೆ, ಪರೀಕ್ಷೆಯೇ ಬೇಡ ಎನ್ನುವವರಿದ್ದಾರೆ. ಆ ತೀರ್ಮಾನ ನೀವು ಮತ್ತು ನಿಮ್ಮ ಪತಿ ಸೇರಿ ಮಾಡುವಂಥದ್ದು. ನನ್ನ ಕೋರಿಕೆ ಇಷ್ಟೇ: ಗರ್ಭ ನಿಲ್ಲುವ ಮೊದಲೇ ನಿಮ್ಮಿಬ್ಬರ ರಕ್ತಪರೀಕ್ಷೆ ಮುಗಿದಿರಲಿ, ಗರ್ಭ ನಿಂತ ಮೇಲೆ ಓಡಾಡಿದರೆ ವಾರಗಳು ಕೈತಪ್ಪುತ್ತವೆ.

ಬೆಂಗಳೂರಿನ ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆಯೊಂದಿಗೆ ಸೇರಿ ಕೆಲಸ ಮಾಡುವ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್, 2021ರ ರಾಷ್ಟ್ರೀಯ ಅಪರೂಪದ ಕಾಯಿಲೆಗಳ ನೀತಿಯಡಿ ಗುರುತಿಸಿದ ಕೇಂದ್ರಗಳಲ್ಲಿ ಒಂದು. ಮಣಿಪಾಲದಲ್ಲೂ ವೈದ್ಯಕೀಯ ತಳಿವಿಜ್ಞಾನ ವಿಭಾಗವಿದೆ. ಹೋಗುವಾಗ ಜೀನ್ ವರದಿಯ ಎಲ್ಲ ಪುಟಗಳನ್ನೂ ಎಂಆರ್‌ಐ ಸಿಡಿಯನ್ನೂ ಒಯ್ಯಿರಿ, ಬರೀ ಸಾರಾಂಶದ ಹಾಳೆ ಸಾಲದು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಡಿ ಮಗಳಿಗೆ ಯುಡಿಐಡಿ ಎಂಬ ವಿಕಲಚೇತನರ ಗುರುತಿನ ಕಾರ್ಡಿಗೆ ಅರ್ಜಿ ಹಾಕಿ, ಬಹುವಿಧ ಅಂಗವೈಕಲ್ಯದ ಪ್ರಮಾಣಪತ್ರ ಸಿಕ್ಕರೆ ನಿರಾಮಯ ಯೋಜನೆಯಲ್ಲಿ ಒಂದು ಲಕ್ಷ ರೂಪಾಯಿವರೆಗಿನ ಆರೋಗ್ಯ ವಿಮೆಗೂ ದಾರಿಯಾಗುತ್ತದೆ.

ಪತ್ರದ ಕೊನೆಯಲ್ಲಿ ನಿಮ್ಮ ತಂಗಿಗೂ ಮನೆಯೊಳಗೇ, ನಿಮ್ಮ ಪತಿಯ ತಮ್ಮನೊಂದಿಗೆ, ಸಂಬಂಧದ ಮಾತು ನಡೆದಿದೆ ಎಂದು ಬರೆದಿದ್ದೀರಿ. ಆ ಇಬ್ಬರಲ್ಲೂ ಇದೇ ಸಿಇಪಿ290 ದೋಷ ಇರಬಹುದು. ನಿಶ್ಚಿತಾರ್ಥಕ್ಕೆ ಮುಂಚೆ ಇಬ್ಬರ ರಕ್ತದಲ್ಲೂ ಈ ಒಂದು ಬದಲಾವಣೆಯನ್ನಷ್ಟೇ ಪರೀಕ್ಷಿಸಲು ಹೇಳಿ, ದೋಷ ಯಾವುದೆಂದು ಈಗಾಗಲೇ ಗೊತ್ತಿರುವುದರಿಂದ ಪೂರ್ಣ ಜೀನ್ ಪರೀಕ್ಷೆಯ ಖರ್ಚು ಬೀಳುವುದಿಲ್ಲ. ಇಬ್ಬರೂ ವಾಹಕರಾದರೆ ಆ ಸಂಬಂಧವನ್ನು ಮುಂದುವರಿಸದಿರುವುದೇ ಒಳ್ಳೆಯದು ಎಂಬುದು ನನ್ನ ಸಲಹೆ. ಒಬ್ಬರು ಮಾತ್ರ ವಾಹಕರಾದರೆ ಈ ಕಾಯಿಲೆಯ ಭಯವಿಲ್ಲ, ಆದರೆ ಕುಟುಂಬದಲ್ಲಿ ಇನ್ನೂ ಹೊರಬೀಳದ ಬೇರೆ ದೋಷಗಳ ಬಗ್ಗೆ ಈ ಪರೀಕ್ಷೆ ಏನನ್ನೂ ಹೇಳುವುದಿಲ್ಲ. ಮಾತು ಮುಂದುವರಿಯುವ ಮುನ್ನ ಅವರಿಬ್ಬರನ್ನೂ ಒಬ್ಬ ಆನುವಂಶಿಕ ಸಲಹೆಗಾರರ ಬಳಿಗೆ ಕಳುಹಿಸಿ.